ಕಡ್ಡಿಯಿಂದ ಕಡ್ಡಿಗೆ ದೊಡ್ಡಪತ್ರೆ

ಮಕ್ಕಳೇ, ನಿಮ್ಮ ಮನೆಯ ಹಿತ್ತಿಲಲ್ಲೋ ಶಾಲೆಯ ಕೈತೋಟದಲ್ಲೋ ದೊಡ್ಡಪತ್ರೆ ಗಿಡ ಇದೆಯೇ? ಇದ್ದರೆ ಅದನ್ನು ಅಲ್ಲಿಗೆ ತಂದವರು ಯಾರೆಂದು ಕೇಳಿ ನೋಡಿ. ‘ಬೀಜ ಬಿತ್ತಿದೆವು’ ಎಂದು ಹೇಳುವವರು ಬಹುಶಃ ಒಬ್ಬರೂ ಸಿಗಲಾರರು. ‘ಪಕ್ಕದ ಮನೆಯಿಂದ ಒಂದು ಕಡ್ಡಿ ತಂದು ಚುಚ್ಚಿದೆ’, ‘ಅಜ್ಜಿ ಊರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು’ ಎಂಬಂಥ ಉತ್ತರಗಳೇ ಬರುತ್ತವೆ. ಪಕ್ಕದ ಮನೆಯವರಿಗೆ ಎಲ್ಲಿಂದ ಬಂತು? ಅದೂ ಇನ್ನೊಂದು ಮನೆಯ ಕಡ್ಡಿಯೇ. ಹೀಗೆ ಕಡ್ಡಿಯಿಂದ ಕಡ್ಡಿಗೆ, ಅಂಗಳದಿಂದ ಅಂಗಳಕ್ಕೆ ಈ ಗಿಡ ಊರೂರು ಸುತ್ತಿದೆ. ಕೆಲವು ಕಡೆ ಇದನ್ನು ಸಾಂಬಾರ ಸೊಪ್ಪು ಎಂದೂ ಕರೆಯುತ್ತಾರೆ.

ರಾಗಿ, ಹುರುಳಿ, ಹೆಸರು ಇವೆಲ್ಲ ಒಂದೇ ಬೆಳೆಗಾಲದಲ್ಲಿ ಹುಟ್ಟಿ, ಕಾಳು ಕಟ್ಟಿ, ಒಣಗಿ ಹೋಗುತ್ತವೆ. ಅವು ವಾರ್ಷಿಕ ಸಸ್ಯಗಳು. ದೊಡ್ಡಪತ್ರೆ ಹಾಗಲ್ಲ. ಅದು ಬಹುವಾರ್ಷಿಕ, ಅಂದರೆ ವರ್ಷಗಟ್ಟಲೆ ಬದುಕುವ ಗಿಡ. ಆದರೂ ಶಾಲೆಯ ತೋಟದಲ್ಲಿ ಜೂನ್‌ನಲ್ಲಿ ನೆಟ್ಟ ದೊಡ್ಡಪತ್ರೆ ಮುಂದಿನ ಜೂನ್‌ವರೆಗೂ ಉಳಿಯದೆ ಹೋಗುವುದುಂಟು. ವರ್ಷಗಟ್ಟಲೆ ಬದುಕಬೇಕಾದ ಗಿಡ ಏಕೆ ಸಾಯುತ್ತದೆ? ಅದಕ್ಕೆ ಉತ್ತರ ಗಿಡದ ಎಲೆಯಲ್ಲೇ ಇದೆ. ಮೊದಲು ಗಿಡದ ಗುರುತು ಮಾಡಿಕೊಳ್ಳೋಣ.

ಎಳೆಯ ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ. ಅದು ಪೆನ್ಸಿಲಿನಂತೆ ಸಲೀಸಾಗಿ ಉರುಳುವುದಿಲ್ಲ. ಮೂಲೆಗಳು ಬೆರಳಿಗೆ ತಾಗುತ್ತವೆ. ಕಾಂಡ ಚೌಕಾಕಾರವಾಗಿದೆ! ಎಲೆಗಳೂ ಎರಡೆರಡಾಗಿ ಎದುರುಬದುರು ನಿಂತಿವೆ. ಒಂದು ಜೋಡಿ ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದರೆ ಅದರ ಮೇಲಿನ ಜೋಡಿ ಉತ್ತರ–ದಕ್ಷಿಣಕ್ಕೆ. ಹೀಗಿದ್ದರೆ ಮೇಲಿನ ಎಲೆಯ ನೆರಳು ಕೆಳಗಿನ ಎಲೆಯ ಮೇಲೆ ಕಡಿಮೆ ಬೀಳುತ್ತದೆ. ಈಗ ತುಳಸಿಯ ಎಳೆಯ ಕಾಂಡ ಮುಟ್ಟಿ ನೋಡಿ. ಪುದೀನ, ಕಾಮಕಸ್ತೂರಿ, ಹೊಲದ ಬದುವಿನ ತುಂಬೆ ಇವುಗಳನ್ನೂ ನೋಡಿ. ಎಲ್ಲವೂ ಚೌಕ! ಇವೆಲ್ಲ ಒಂದೇ ಕುಟುಂಬದ ಗಿಡಗಳು. ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಸಾಲುಸಾಲಾಗಿ ಕೆಂಪಗೆ ಅರಳುವ ಸಾಲ್ವಿಯ ಹೂಗಿಡವೂ ಇದೇ ಮನೆತನದ್ದು. ಅದರ ಹತ್ತಿರದ ಬಂಧುವಾದ ಸೇಜ್ ಎಂಬ ಗಿಡದ ಒರಟು ಎಲೆಯನ್ನು ಯೂರೋಪಿನವರು ನಾವು ದೊಡ್ಡಪತ್ರೆ ಬಳಸುವಂತೆಯೇ ಅಡುಗೆಗೂ ಗಂಟಲುನೋವಿಗೂ ಬಳಸುತ್ತ ಬಂದಿದ್ದಾರೆ. ಇನ್ನೊಂದು ಸೋಜಿಗ ಕೇಳಿ. ನಮ್ಮ ಕಾಡಿನ ತೇಗದ ಮರವನ್ನೂ ಈಗ ಸಸ್ಯವಿಜ್ಞಾನಿಗಳು ಇದೇ ಕುಟುಂಬಕ್ಕೆ ಸೇರಿಸಿದ್ದಾರೆ. ತೇಗದ ಎಳೆಯ ರೆಂಬೆ ಸಿಕ್ಕಿದರೆ ಮುಟ್ಟಿ ನೋಡಿ, ಅದೂ ಚೌಕವೇ.

ದೊಡ್ಡಪತ್ರೆಯ ವೈಜ್ಞಾನಿಕ ಹೆಸರು ಕೋಲಿಯಸ್ ಅಂಬೋಯಿನಿಕಸ್. ಈ ಹೆಸರನ್ನು 1790ರಲ್ಲಿ ಪ್ರಕಟಿಸಿದವರು ಪೋರ್ಚುಗಲ್ ದೇಶದ ಪಾದ್ರಿಯೂ ಸಸ್ಯಜ್ಞರೂ ಆಗಿದ್ದ ಲೂರೈರೊ ಎಂಬುವರು. ಅಂಬೋಯಿನ ಎಂಬುದು ಇಂಡೊನೇಷ್ಯದ ಒಂದು ದ್ವೀಪ. ನಡುವೆ ಬಹಳ ಕಾಲ ಈ ಗಿಡವನ್ನು ಪ್ಲೆಕ್ಟ್ರಾಂತಸ್ ಎಂಬ ಕುಲಕ್ಕೆ ಸೇರಿಸಿದ್ದರು. 2019ರಲ್ಲಿ ಮತ್ತೆ ಕೋಲಿಯಸ್ ಕುಲಕ್ಕೇ ತಂದರು. ಆದ್ದರಿಂದ ಪುಸ್ತಕಗಳಲ್ಲಿ ಎರಡೂ ಹೆಸರು ಕಂಡರೆ ಗಲಿಬಿಲಿ ಬೇಡ. ಇಂಗ್ಲಿಷಿನಲ್ಲಂತೂ ಇದನ್ನು ಕ್ಯೂಬಾದ ಓರೆಗಾನೊ, ಮೆಕ್ಸಿಕೋದ ಪುದೀನ, ಸ್ಪೇನಿನ ಥೈಮ್, ಭಾರತದ ಬೋರೇಜ್ ಎಂದೆಲ್ಲ ಕರೆಯುತ್ತಾರೆ. ಇದು ಓರೆಗಾನೊ ಅಲ್ಲ, ಪುದೀನ ಅಲ್ಲ, ಥೈಮ್ ಅಲ್ಲ, ಬೋರೇಜ್ ಕೂಡ ಅಲ್ಲ. ಕಡ್ಡಿ ಹೋದ ಹೋದ ದೇಶದಲ್ಲೆಲ್ಲ ಜನ ತಮಗೆ ಗೊತ್ತಿದ್ದ ಯಾವುದೋ ಸೊಪ್ಪಿನ ಹೆಸರನ್ನು ಇದಕ್ಕೆ ಅಂಟಿಸಿಬಿಟ್ಟರು. ನಮ್ಮ ಹೆಸರೇ ವಾಸಿ: ದೊಡ್ಡ ಪತ್ರೆ, ಅಂದರೆ ದೊಡ್ಡ ಎಲೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ.

ಪೂರ್ವ ಮತ್ತು ದಕ್ಷಿಣ ಆಫ್ರಿಕದ ಭಾಗಗಳಲ್ಲಿ ಈ ಗಿಡ ಕಾಡುಗಿಡವಾಗಿಯೇ ಬೆಳೆಯುತ್ತದೆ. ಅಲ್ಲಿ ಅದು ನಿಲ್ಲುವುದು ಬಂಡೆಗಳ ಸಂದಿನಲ್ಲಿ, ಕಲ್ಲು–ಮರಳು ತುಂಬಿದ ಒಣನೆಲದಲ್ಲಿ. ಮಳೆ ಬಿದ್ದರೂ ನೀರು ಅಲ್ಲಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಈ ಮಾತನ್ನು ನೆನಪಿಡಿ. ಗಿಡದ ಆರೈಕೆಯ ಬಹುಪಾಲು ಗುಟ್ಟು ಇದರಲ್ಲೇ ಇದೆ.

ಈಗ ಒಂದು ಎಲೆ ಕಿತ್ತು ಮುರಿಯಿರಿ. ಪಟ್ಟೆಂದು ಮುರಿಯುತ್ತದೆ, ಬೆರಳು ಒದ್ದೆಯಾಗುತ್ತದೆ. ಎಲೆ ದಪ್ಪಗಿದೆ, ಅದೊಂದು ಪುಟ್ಟ ನೀರಿನ ತೊಟ್ಟಿ. ಈ ಗಿಡದ ಒಂದು ಎಲೆಯನ್ನೂ ದಾಸವಾಳದ ಒಂದು ಎಲೆಯನ್ನೂ ತರಗತಿಯ ಕಿಟಕಿಯ ಬಳಿ ನೆರಳಿನಲ್ಲಿಡಿ. ಮರುದಿನ ದಾಸವಾಳದ ಎಲೆ ಬಾಡಿ ಮುದುಡಿರುತ್ತದೆ. ದೊಡ್ಡಪತ್ರೆ ಎಲೆ ಎಷ್ಟು ದಿನ ಹಸಿಯಾಗಿಯೇ ಇರುತ್ತದೆ ಎಂಬುದನ್ನು ನೀವೇ ಲೆಕ್ಕ ಇಟ್ಟು ಗೋಡೆಪತ್ರಿಕೆಯಲ್ಲಿ ಬರೆಯಿರಿ.

ಎಲೆಯ ಮೇಲೆ ಬೆರಳಾಡಿಸಿದರೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಭೂತಗನ್ನಡಿ ಇದ್ದರೆ ನೋಡಿ, ಬಿಳಿಯ ಸಣ್ಣ ರೋಮಗಳು ಒತ್ತಾಗಿ ಕಾಣುತ್ತವೆ. ಈ ರೋಮಗಳು ಎಲೆಯ ಮೈಗೆ ಬಿಸಿಗಾಳಿ ನೇರವಾಗಿ ತಾಗದಂತೆ ತಡೆಯುತ್ತವೆ. ಅದರಿಂದ ಬಾಷ್ಪವಿಸರ್ಜನೆ, ಅಂದರೆ ಎಲೆಯಿಂದ ನೀರು ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. ಎಲ್ಲ ರೋಮಗಳೂ ಒಂದೇ ಬಗೆಯವಲ್ಲ. ಕೆಲವುಗಳ ತುದಿಯಲ್ಲಿ ತೈಲ ತುಂಬಿದ ಅತಿ ಸಣ್ಣ ಗ್ರಂಥಿ ಇರುತ್ತದೆ. ಎಲೆಯನ್ನು ಉಜ್ಜಿದಾಗ ಆ ಗ್ರಂಥಿ ಒಡೆದು ತೈಲ ಗಾಳಿಗೆ ಸೇರುತ್ತದೆ. ಆ ಗಮಗಮ ವಾಸನೆ ಬರುವುದು ಆಗಲೇ. ಮುಟ್ಟದೆ ದೂರ ನಿಂತು ಮೂಸಿದರೆ ವಾಸನೆ ಅಷ್ಟಾಗಿ ಬಾರದು.

ಈ ವಾಸನೆ ನಿಮಗೆ ಯಾವುದನ್ನು ನೆನಪಿಗೆ ತರುತ್ತದೆ? ಓಮವನ್ನು, ಅಲ್ಲವೇ? ಅದಕ್ಕೇ ಎಷ್ಟೋ ಜನ ಇದನ್ನೇ ಓಮದ ಗಿಡ ಎಂದು ತಿಳಿದಿದ್ದಾರೆ. ಅದು ಸರಿಯಲ್ಲ. ಓಮದ ಕಾಳು ಬರುವುದು ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೆ ಸೇರಿದ ಬೇರೆಯೇ ಗಿಡದಿಂದ. ಆದರೆ ಎರಡರ ತೈಲದಲ್ಲೂ ಥೈಮಾಲ್ ಎಂಬ ರಾಸಾಯನಿಕ ಇರುತ್ತದೆ. ದೊಡ್ಡಪತ್ರೆಯಲ್ಲಿ ಅದರ ಜೊತೆಗೆ ಕಾರ್ವಕ್ರಾಲ್ ಎಂಬ ಇನ್ನೊಂದೂ ಉಂಟು. ಎರಡರ ಅಣುವಿನಲ್ಲೂ 10 ಇಂಗಾಲ, 14 ಜಲಜನಕ, 1 ಆಮ್ಲಜನಕದ ಪರಮಾಣುಗಳು ಇರುತ್ತವೆ. ಜೋಡಣೆಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಸಂಬಂಧವೇ ಇಲ್ಲದ ಎರಡು ಗಿಡಗಳು ಒಂದೇ ರಾಸಾಯನಿಕವನ್ನು ತಯಾರಿಸುತ್ತವೆ ಎಂದರೆ ಅದರಿಂದ ಗಿಡಕ್ಕೆ ಲಾಭವಿರಬೇಕು. ಎಲೆಗೆ ಬಾಯಿ ಹಾಕುವ ಹುಳುಗಳಿಗೆ ಈ ತೈಲ ಹಿಡಿಸುವುದಿಲ್ಲ. ಎಷ್ಟೋ ಶಿಲೀಂಧ್ರ, ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನೂ ಅದು ತಡೆಯುತ್ತದೆ. ನಮಗೆ ಪರಿಮಳ, ಗಿಡಕ್ಕೆ ಆಯುಧ.

ಇನ್ನು ನೆಡುವ ಕೆಲಸ. ಆರೋಗ್ಯವಾಗಿರುವ ಗಿಡದ ತುದಿಯಿಂದ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ, ಸುಮಾರು 10ರಿಂದ 15 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಎಲೆ ಹುಟ್ಟುವ ಜಾಗಕ್ಕೆ ಗಿಣ್ಣು ಎನ್ನುತ್ತಾರೆ. ಕೆಳಗಿನ ಎರಡು ಜೋಡಿ ಎಲೆಗಳನ್ನು ತೆಗೆದುಹಾಕಿ. ಕಡ್ಡಿಯನ್ನು ಒಂದು ದಿನ ನೆರಳಿನಲ್ಲಿಟ್ಟರೆ ಕತ್ತರಿಸಿದ ಗಾಯ ಒಣಗುತ್ತದೆ, ಕೊಳೆಯುವ ಭಯ ಕಡಿಮೆ. ಮರುದಿನ ಕನಿಷ್ಠ ಒಂದು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ದುಬಾರಿ ಕುಂಡ ಬೇಕಿಲ್ಲ. ಹಳೆಯ ಡಬ್ಬಿ, ಒಡೆದ ಕೊಡದ ತಳ ಯಾವುದಾದರೂ ಆದೀತು. ಆದರೆ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಡಬ್ಬಿಯಲ್ಲಿ ನೆಡುವುದಕ್ಕಿಂತ ನೆಡದೇ ಇರುವುದು ಮೇಲು.

ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಬೇರೇ ಇಲ್ಲದ ಕಡ್ಡಿಗೆ ಬೇರು ಬಂದದ್ದಾದರೂ ಹೇಗೆ? ಗಿಡದ ಚಿಗುರು ತುದಿಯಲ್ಲಿ ಆಕ್ಸಿನ್ ಎಂಬ ಚೋದಕ, ಅಂದರೆ ಹಾರ್ಮೋನು ತಯಾರಾಗುತ್ತದೆ. ಅದು ಸದಾ ತುದಿಯಿಂದ ಬುಡದ ಕಡೆಗೆ ಸಾಗುತ್ತದೆ. ಕಡ್ಡಿಯನ್ನು ಕತ್ತರಿಸಿದಾಗ ಕೆಳಗೆ ಹೋಗಲು ದಾರಿ ಇಲ್ಲದೆ ಆಕ್ಸಿನ್ ಕತ್ತರಿಸಿದ ಜಾಗದ ಬಳಿ ಶೇಖರವಾಗುತ್ತದೆ. ಅಲ್ಲಿರುವ ಕೋಶಗಳಿಗೆ ‘ಬೇರಾಗಿ’ ಎಂಬ ಸೂಚನೆ ಸಿಗುವುದು ಹೀಗೆ. ಒಂದು ಕಡ್ಡಿಯನ್ನು ಸರಿಯಾಗಿಯೂ ಇನ್ನೊಂದನ್ನು ತಲೆಕೆಳಗಾಗಿಯೂ ನೆಟ್ಟು ಮೂರು ವಾರ ಬಿಟ್ಟು ಕಿತ್ತು ನೋಡಿ. ಕಡ್ಡಿಗೆ ತನ್ನ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಿದೆಯೇ ಎಂಬುದು ತಿಳಿಯುತ್ತದೆ. ಬರೀ ಎಲೆಯೊಂದನ್ನೇ ನೆಟ್ಟರೂ ತೊಟ್ಟಿನಲ್ಲಿ ಬೇರು ಬರಬಹುದು. ಆದರೆ ಗಿಣ್ಣಿನ ಮೊಗ್ಗು ಅದರಲ್ಲಿಲ್ಲದ ಕಾರಣ ಹೊಸ ಚಿಗುರು ಹೊರಡುವುದು ಕಷ್ಟ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶಾಲೆಯ ದೊಡ್ಡಪತ್ರೆ ಸಾಯುವುದು ಹೆಚ್ಚಾಗಿ ಬಾಯಾರಿಕೆಯಿಂದಲ್ಲ, ನೀರು ಹೆಚ್ಚಾಗಿ! ಬೆಳಿಗ್ಗೆ ಒಂದನೇ ತರಗತಿಯವರು ಒಂದು ಚೊಂಬು ಹಾಕುತ್ತಾರೆ, ಮಧ್ಯಾಹ್ನ ಊಟದ ತಟ್ಟೆ ತೊಳೆದ ನೀರು ಬೀಳುತ್ತದೆ, ಸಂಜೆ ಐದನೇ ತರಗತಿಯವರು ಮತ್ತೊಂದು ಬಕೆಟ್ ಸುರಿಯುತ್ತಾರೆ. ಎಲ್ಲರಿಗೂ ಗಿಡದ ಮೇಲೆ ಪ್ರೀತಿಯೇ. ಆದರೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ಬೇರು ಉಸಿರಾಡುವುದು ಆ ಗಾಳಿಯ ಆಮ್ಲಜನಕದಿಂದ. ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರನ್ನು ಶಿಲೀಂಧ್ರಗಳು ಕೊಳೆಸುತ್ತವೆ. ಕೊಳೆತ ಬೇರು ನೀರು ಹೀರಲಾರದು. ಆಗ ಎಲೆಗಳು ಹಳದಿಯಾಗಿ ಜೋಲುಬೀಳುತ್ತವೆ. ಅದನ್ನು ನೋಡಿದವರು ಗಿಡ ಬಾಡಿದೆ ಎಂದು ಇನ್ನಷ್ಟು ನೀರು ಹಾಕುತ್ತಾರೆ! ಕೊನೆಗೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ.

ಹಾಗಾದರೆ ಎಷ್ಟು ನೀರು ಹಾಕಬೇಕು? ಇದಕ್ಕೆ ಲೀಟರಿನ ಲೆಕ್ಕ ಹೇಳಲಾಗದು. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ. ಬೆರಳಿಗೆ ತಂಪು ತಾಗಿದರೆ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವವರೆಗೆ ಹಾಕಿ, ಮತ್ತೆ ಒಣಗುವವರೆಗೆ ಸುಮ್ಮನಿರಿ. ಬೆರಳಿಡುವ ಕೆಲಸವನ್ನು ವಾರಕ್ಕೆ ಒಬ್ಬರಂತೆ ಹಂಚಿಕೊಂಡರೆ ಗೊಂದಲವಿರದು. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಸೂರಿನಡಿಗೆ ಎಳೆದಿಡಬೇಕು. ಹಂಚಿನ ನೀರು ಸುರಿಯುವ ಜಾಗದಲ್ಲಿ ಮಾತ್ರ ಬೇಡ. ಬಯಲುಸೀಮೆಯ ಕಪ್ಪುಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಅಲ್ಲಿ ಒಂದು ಅಡಿ ಎತ್ತರದ ದಿಬ್ಬ ಮಾಡಿ, ಕಲ್ಲುಚೂರು–ಮರಳು ಬೆರೆಸಿ ಅದರ ಮೇಲೆ ನೆಡುವುದು ಒಳ್ಳೆಯದು. ಗಿಡದ ತವರಿನ ಬಂಡೆ ಸಂದನ್ನು ನಾವೇ ಕಟ್ಟಿಕೊಟ್ಟಂತೆ.

ಬಿಸಿಲು ಹೇಗಿರಬೇಕು ಎಂಬುದನ್ನು ಗಿಡವೇ ಹೇಳುತ್ತದೆ. ಕತ್ತಲ ಮೂಲೆಯಲ್ಲಿಟ್ಟರೆ ಎರಡು ಗಿಣ್ಣುಗಳ ನಡುವಿನ ಅಂತರ ಉದ್ದವಾಗಿ, ಕಾಂಡ ಸಪೂರವಾಗಿ ಬೆಳಕಿನತ್ತ ಬಾಗುತ್ತದೆ. ಏಪ್ರಿಲಿನ ಉರಿಬಿಸಿಲಿಗಿಟ್ಟರೆ ಎಲೆ ಚಿಕ್ಕದಾಗಿ ಹಳದಿಗೆ ತಿರುಗುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಗಲಿಯ ಪೂರ್ವದಿಕ್ಕು ಇದಕ್ಕೆ ಹೇಳಿ ಮಾಡಿಸಿದ ಜಾಗ.

ನೆಟ್ಟ ಗಿಡ ಒಂದು ಅಡಿ ಎತ್ತರವಾದಾಗ ಅದರ ತುದಿಯನ್ನು ಚಿವುಟಿಬಿಡಿ. ಅಯ್ಯೋ, ಪಾಪ ಎನ್ನಬೇಡಿ. ತುದಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಬೆಳೆಯಗೊಡದೆ ಹಿಡಿದಿಟ್ಟಿರುತ್ತದೆ. ತುದಿ ಹೋದೊಡನೆ ಆ ಹಿಡಿತ ಸಡಿಲವಾಗಿ ಪ್ರತಿ ಗಿಣ್ಣಿನಿಂದಲೂ ಎರಡು ಕವಲು ಹೊರಡುತ್ತವೆ. ಬೇರು ಬರಿಸಿದ ವಸ್ತುವೇ ಕವಲನ್ನು ತಡೆಯುವುದೂ ಹೌದು! ಅಡುಗೆಗೆಂದು ಆಗಾಗ ತುದಿ ಕೀಳುವ ಮನೆಯ ಗಿಡ ಪೊದೆಯಾಗಿ ಹಬ್ಬಿರುತ್ತದೆ. ಯಾರೂ ಮುಟ್ಟದ ಗಿಡ ಉದ್ದುದ್ದ ಬೆಳೆದು ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ.

ಎಲೆ–ಕಾಂಡಗಳ ಸಂದಿನಲ್ಲಿ ಹಿಟ್ಟು ಮೆತ್ತಿದಂತೆ ಬೆಳ್ಳಗೆ ಕಂಡರೆ ಅದು ಹಿಟ್ಟುತಿಗಣೆ. ಗಿಡದ ರಸ ಹೀರುವ ಈ ಕೀಟವನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ. ತಿನ್ನುವ ಸೊಪ್ಪಿಗೆ ಕೀಟನಾಶಕ ಸಿಂಪಡಿಸುವುದು ಬೇಡವೇ ಬೇಡ.

ಗಿಡಕ್ಕೆ ಮೂರು ನಾಲ್ಕು ವರ್ಷವಾಗುವಷ್ಟರಲ್ಲಿ ಬುಡ ಕಟ್ಟಿಗೆಯಂತೆ ಬಲಿತು, ಕೆಳಗಿನ ಎಲೆಗಳು ಉದುರಿ ಬೋಳಾಗುತ್ತದೆ. ಯೂರೋಪಿನ ಸೇಜ್ ಗಿಡಕ್ಕೂ ಇದೇ ಪಾಡು. ಅಲ್ಲಿಯ ತೋಟಗಾರರು ಕೆಲವು ವರ್ಷಕ್ಕೊಮ್ಮೆ ಹಳೆಯ ಗಿಡ ತೆಗೆದು ಕಡ್ಡಿಯಿಂದ ಹೊಸದನ್ನು ಮಾಡಿಕೊಳ್ಳುತ್ತಾರೆ. ನೀವೂ ಹಾಗೇ ಮಾಡಿ. ಬೇಸಗೆ ರಜೆ ಇದಕ್ಕೆ ಒಳ್ಳೆಯ ಸಂದರ್ಭ. ಮಾರ್ಚ್ ಕೊನೆಯಲ್ಲಿ ಆಸಕ್ತಿ ಇದ್ದ ಪ್ರತಿಯೊಬ್ಬರೂ ಒಂದೊಂದು ಕಡ್ಡಿಯನ್ನು ಮನೆಗೆ ಒಯ್ದು ನೆಡಿ. ರಜೆಯಲ್ಲಿ ಶಾಲೆಯ ಗಿಡ ಒಣಗಿದರೂ ಜೂನ್‌ನಲ್ಲಿ ಯಾರ ಮನೆಯಿಂದಲಾದರೂ ಕಡ್ಡಿ ಮರಳಿ ಬರುತ್ತದೆ. ಹಾಗೆ ಬಂದದ್ದು ಹೊಸ ಗಿಡವೇ, ಹಳೆಯ ಗಿಡವೇ? ತರಗತಿಯಲ್ಲಿ ಚರ್ಚೆ ಮಾಡಿ. ಕಡ್ಡಿಯಿಂದ ಬಂದ ಗಿಡದಲ್ಲಿ ತಾಯಿಗಿಡದ ಆನುವಂಶಿಕ ಗುಣಗಳೇ ಯಥಾವತ್ತಾಗಿ ಇರುತ್ತವೆ. ಇಂಥದ್ದನ್ನು ತದ್ರೂಪಿ ಎನ್ನುತ್ತಾರೆ. ನಿಮ್ಮೂರಿನ ಹತ್ತು ಮನೆಗಳ ದೊಡ್ಡಪತ್ರೆ ಒಂದೇ ಕಡ್ಡಿಯ ವಂಶವಾಗಿದ್ದರೆ, ವಿಜ್ಞಾನದ ದೃಷ್ಟಿಯಲ್ಲಿ ಅವು ಹತ್ತು ಕಡೆ ಬೇರೂರಿದ ಒಂದೇ ಗಿಡವೆಂದು ಹೇಳಬಹುದು.

ಇದರಲ್ಲಿ ಅನುಕೂಲವಿದ್ದಂತೆ ಅಪಾಯವೂ ಇದೆ. ಐರ್ಲೆಂಡ್ ದೇಶದ ಬಡವರು ಲಂಪರ್ ಎಂಬ ಒಂದೇ ತಳಿಯ ಆಲೂಗಡ್ಡೆಯನ್ನು ಹೆಚ್ಚಾಗಿ ಬೆಳೆಯುತ್ತಿದ್ದರು. ಆಲೂಗಡ್ಡೆಯೂ ಬೀಜದಿಂದಲ್ಲ, ಗೆಡ್ಡೆಯ ತುಂಡಿನಿಂದಲೇ ಬೆಳೆಯುವ ತದ್ರೂಪಿ. 1845ರಲ್ಲಿ ಅಂಗಮಾರಿ ರೋಗ ಬಂದಾಗ ಅದನ್ನು ತಡೆದುಕೊಳ್ಳುವ ಶಕ್ತಿ ಒಂದು ಗಿಡಕ್ಕಿಲ್ಲ ಎಂದರೆ ಯಾವ ಗಿಡಕ್ಕೂ ಇರಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದಲೂ ಸತ್ತರು. ಆಳುವವರ ನೀತಿಯೂ ಇದಕ್ಕೆ ಕಾರಣವಾಗಿತ್ತು ಎಂಬುದನ್ನು ಮರೆಯಬಾರದು. ದೊಡ್ಡಪತ್ರೆಯನ್ನು ನಂಬಿ ಯಾರೂ ಬದುಕುತ್ತಿಲ್ಲ, ನಿಜ. ಆದರೂ ಬೇರೆ ಬೇರೆ ಊರಿನ ಎರಡು ಮೂರು ಕಡ್ಡಿಗಳನ್ನು ತಂದು ನೆಟ್ಟು, ಎಲೆಯ ಗಾತ್ರ, ವಾಸನೆಗಳಲ್ಲಿ ವ್ಯತ್ಯಾಸವಿದೆಯೇ ಎಂದು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಸೊಪ್ಪಿನ ಉಪಯೋಗ ನಿಮಗೆ ಹೇಳಿಕೊಡಬೇಕಾಗಿಲ್ಲ. ತುಪ್ಪದಲ್ಲಿ ಬಾಡಿಸಿ, ಜೀರಿಗೆ–ಮೆಣಸು–ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ. ನೆಗಡಿ, ಕೆಮ್ಮಿಗೆ ಎಲೆಯನ್ನು ಬಾಡಿಸಿ ರಸ ಹಿಂಡಿ ಕೊಡುವ ರೂಢಿ ಎಲ್ಲ ಕಡೆ ಇದೆ. ಥೈಮಾಲ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಸಂಗತಿ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಆದದ್ದೆಲ್ಲ ಎದೆಯೊಳಗೂ ಆಗುತ್ತದೆ ಎನ್ನಲಾಗದು. ಸಾಧಾರಣ ನೆಗಡಿ ರಸ ಕುಡಿದರೂ ಕುಡಿಯದಿದ್ದರೂ ವಾರದಲ್ಲಿ ಇಳಿಯುತ್ತದೆ. ನಿಮ್ಮ ಪುಟ್ಟ ತಮ್ಮನೋ ತಂಗಿಯೋ ಕೆಮ್ಮುತ್ತ ಬಿರುಸಾಗಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಅದು ನ್ಯುಮೋನಿಯ ಇರಬಹುದು. ಆಗ ಎಲೆ ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೆ ಹೇಳಿ. ಒಂದು ವರ್ಷ ತುಂಬದ ಕೂಸಿಗೆ ಈ ರಸದ ಜೊತೆ ಜೇನು ಬೆರೆಸಿ ಕೊಡುವುದೂ ಕೂಡದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು.

ದೊಡ್ಡಪತ್ರೆ ಹೂ ಬಿಡುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಬಿಡುತ್ತದೆ, ಆದರೆ ಪದೇ ಪದೇ ತುದಿ ಚಿವುಟುವ ಕುಂಡದ ಗಿಡದಲ್ಲಿ ಅದು ಅಪರೂಪ. ನೋಡುವ ಆಸೆಯಿದ್ದರೆ ಒಂದು ಗಿಡವನ್ನು ಚಿವುಟದೆ ಹಾಗೇ ಬಿಟ್ಟು ಕಾಯಿರಿ. ಉದ್ದನೆಯ ಕಡ್ಡಿಯೊಂದು ಎದ್ದು, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ತಿಳಿ ನೇರಳೆಯ ಸಣ್ಣ ಹೂಗಳು ಮೂಡುತ್ತವೆ. ತುಳಸಿಯ ಕದಿರಿನ ಜೊತೆ ಹೋಲಿಸಿ ನೋಡಿ. ಪ್ರತಿ ಹೂವಿಗೂ ಎರಡು ತುಟಿ. ಕೆಳತುಟಿ ಪುಟ್ಟ ದೋಣಿಯಂತೆ. ಅದರೊಳಗೆ ಮಲಗಿದ ನಾಲ್ಕು ಕೇಸರಗಳ ಬುಡ ಒಂದಕ್ಕೊಂದು ಅಂಟಿ ಕತ್ತಿಯ ಒರೆಯಂತಾಗಿರುತ್ತದೆ. ಕೋಲಿಯಸ್ ಎಂಬ ಹೆಸರು ಬಂದದ್ದೇ ಒರೆ ಎಂಬ ಅರ್ಥದ ಗ್ರೀಕ್ ಪದದಿಂದ. ಹೂವಿಗೆ ಜೇನ್ನೊಣ ಬರುತ್ತದೆಯೇ, ಬೇರೆ ಕೀಟ ಬರುತ್ತದೆಯೇ, ಯಾವ ಹೊತ್ತಿಗೆ ಬರುತ್ತದೆ ಎಂದು ಬರೆದಿಡಿ. ಹೂ ಉದುರಿದ ಮೇಲೆ ಒಣಗಿದ ಪುಷ್ಪಪಾತ್ರೆಯನ್ನು ಬಿಳಿ ಕಾಗದದ ಮೇಲೆ ಕೊಡವಿ. ತುಳಸಿಯಲ್ಲಿ ಸಿಗುವಂತೆ ನಾಲ್ಕು ಸಣ್ಣ ಬೀಜ ಸಿಕ್ಕರೆ ನೀವು ಅದೃಷ್ಟವಂತರು. ಮರಳಿನ ಮೇಲೆ ಉದುರಿಸಿ ತೇವ ಆರದಂತೆ ನೋಡಿಕೊಳ್ಳಿ. ಅದರಿಂದ ಎದ್ದ ಸಸಿ ಯಾರ ಮನೆಯ ಕಡ್ಡಿಯ ತದ್ರೂಪಿಯೂ ಆಗಿರುವುದಿಲ್ಲ.